ಗಣಕಯಂತ್ರದ ನವೀಕರಣ ಮತ್ತು ಕಚೇರಿ ತಂತ್ರಾಂಶದ ಆವೃತ್ತಿಗಳು: ವೇಗದ ತುಲನೆಯ ಕ್ರಮ

ಹಸ್ತಪ್ರತಿಗಳ ವಿವರಣಾತ್ಮಕ ಸೂಚಿ, ಪಾಠಾಂತರಗಳ ಪಟ್ಟಿ, ಸಂಪಾದಿತ ಗ್ರಂಥದ ಅಚ್ಚುಪ್ರತಿ ಇವೆಲ್ಲವೂ ಇಂದು ಗಣಕಯಂತ್ರದಲ್ಲಿಯೇ ಸಿದ್ಧವಾಗುತ್ತಿರುವುದರಿಂದ, ಆ ಯಂತ್ರವನ್ನು ಬದಲಾಯಿಸಿದಾಗ ಉದ್ಭವಿಸುವ ಪ್ರಶ್ನೆಗಳು ನಮ್ಮ ಕ್ಷೇತ್ರಕ್ಕೆ ಹೊರಗಿನವೆಂದು ತಳ್ಳಿಬಿಡುವಂತಿಲ್ಲ. ಅವುಗಳಲ್ಲಿ ಪದೇ ಪದೇ ಕೇಳಿಬರುವುದು ಒಂದು. ಹೊಸ ಯಂತ್ರ ಬಂದಿತು, ಅದರೊಡನೆ ಬರವಣಿಗೆಯ ತಂತ್ರಾಂಶದ ಹೊಸ ಆವೃತ್ತಿಯೂ ಬಂದಿತು. ಆದರೂ ದೊಡ್ಡ ಕಡತವೊಂದನ್ನು ತೆರೆಯಲು ಹಿಂದಿನಷ್ಟೇ ಹೊತ್ತು ಹಿಡಿಯುತ್ತದೆ, ಕೆಲವೊಮ್ಮೆ ಹೆಚ್ಚೇ ಹಿಡಿಯುತ್ತದೆ. ಹಣ ವ್ಯರ್ಥವಾಯಿತೆಂದು ಕೆಲವರು ಹೇಳುತ್ತಾರೆ. ಹೊಸದು ಹಳೆಯದಕ್ಕಿಂತ ನಿಧಾನವಾಗಿರಲು ಸಾಧ್ಯವೇ ಇಲ್ಲವೆಂದು ಮತ್ತೆ ಕೆಲವರು ವಾದಿಸುತ್ತಾರೆ. ಈ ಎರಡು ಅಭಿಪ್ರಾಯಗಳಿಗೂ ಆಧಾರವಿಲ್ಲವೆಂಬುದು ಸ್ವಲ್ಪ ವಿಚಾರಮಾಡಿದರೆ ತಿಳಿದುಬರುತ್ತದೆ.

ಒಂದೇ ದಿನ ಎರಡು ಬದಲಾವಣೆಗಳು ನಡೆದಿರುವುದೇ ಇಲ್ಲಿಯ ತೊಡಕು. ಲಿಪಿಕಾರನೂ ಬೇರೆಯಾಗಿ, ಅವನ ಮುಂದಿದ್ದ ಮಾತೃಪ್ರತಿಯೂ ಬೇರೆಯಾಗಿದ್ದಾಗ, ಹೊಸ ಪ್ರತಿಯಲ್ಲಿ ಕಂಡುಬರುವ ಸ್ಖಾಲಿತ್ಯವನ್ನು ಯಾರ ತಲೆಗೆ ಕಟ್ಟಬೇಕು? ಮಾತೃಪ್ರತಿ ಒಂದೇ ಆಗಿದ್ದರೆ ಲಿಪಿಕಾರನನ್ನು ಪರೀಕ್ಷಿಸಬಹುದು. ಲಿಪಿಕಾರ ಒಬ್ಬನೇ ಆಗಿದ್ದರೆ ಮಾತೃಪ್ರತಿಗಳನ್ನು ಪರೀಕ್ಷಿಸಬಹುದು. ಎರಡೂ ಬದಲಾದಲ್ಲಿ ನಿರ್ಣಯಕ್ಕೆ ದಾರಿಯಿಲ್ಲ. ವಿದ್ವಾಂಸರಿಗೆ ಸುಪರಿಚಿತವಾದ ಈ ನ್ಯಾಯವನ್ನು ಯಂತ್ರ ಮತ್ತು ತಂತ್ರಾಂಶಗಳಿಗೂ ಅನ್ವಯಿಸಬೇಕೆಂಬುದೇ ಪ್ರಸ್ತುತ ಲೇಖನದ ಆಶಯ. ಹೆಚ್ಚು ಬಳಕೆಯಲ್ಲಿರುವ ಮೈಕ್ರೋಸಾಫ್ಟ್ ಆಫೀಸನ್ನೇ, ಅದರಲ್ಲಿಯೂ ವರ್ಡ್ ಮತ್ತು ಎಕ್ಸೆಲ್‌ಗಳನ್ನೇ, ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದೆ.

ತಂತ್ರಾಂಶದ ಆವೃತ್ತಿಗಳು ಕಾಲಕ್ರಮದಲ್ಲಿ ಭಾರವಾಗುತ್ತ ಬಂದಿವೆ ಎಂಬುದು ನಿರ್ವಿವಾದ. ಇದಕ್ಕೆ ತಯಾರಕರೇ ಪ್ರಕಟಿಸಿದ ಕನಿಷ್ಠ ಅವಶ್ಯಕತೆಗಳು ಸಾಕ್ಷಿ. ವಿಂಡೋಸ್ ೯೫ರ ಮೇಲೆ ಆಫೀಸ್ ೯೭ರ ಒಂದು ಕಾರ್ಯಕ್ರಮವನ್ನು ನಡೆಸಲು ೮ ಮೆಗಾಬೈಟ್ ಸ್ಮೃತಿ ಸಾಕಾಗಿತ್ತು. ಆಫೀಸ್ ೨೦೦೩ ೧೨೮ ಮೆಗಾಬೈಟನ್ನೂ, ಆಫೀಸ್ ೨೦೦೭ ೨೫೬ ಮೆಗಾಬೈಟನ್ನೂ ಕೇಳಿದವು. ೨೦೧೩ರ ಆವೃತ್ತಿಗೆ ೧ ಗಿಗಾಬೈಟ್, ೨೦೧೬ರದಕ್ಕೆ ೨ ಗಿಗಾಬೈಟ್, ೨೦೧೯ರದಕ್ಕೆ ೪ ಗಿಗಾಬೈಟ್ ಬೇಕಾಯಿತು. ಮೊದಲನೆಯದಕ್ಕೂ ಕೊನೆಯದಕ್ಕೂ ೫೧೨ ಪಟ್ಟು ಅಂತರವಿದೆ. ಬರೆಯುವ ಗ್ರಂಥ ಮಾತ್ರ ೫೧೨ ಪಟ್ಟು ದೊಡ್ಡದಾಗಿಲ್ಲ.

ಪಾಸ್ಕಲ್ ಭಾಷೆಯ ನಿರ್ಮಾತೃವಾದ ಸ್ವಿಟ್ಜರ್ಲೆಂಡಿನ ನಿಕ್ಲೌಸ್ ವಿರ್ತ್ ೧೯೯೫ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ವಿಷಯವನ್ನು ಕಟುವಾಗಿಯೇ ವಿಮರ್ಶಿಸಿದ್ದಾರೆ. ಯಂತ್ರಗಳ ವೇಗ ಹೆಚ್ಚುವುದಕ್ಕಿಂತ ಶೀಘ್ರವಾಗಿ ತಂತ್ರಾಂಶಗಳು ನಿಧಾನವಾಗುತ್ತಿವೆ ಎಂಬ ಮಾತು ಅವರ ಹೆಸರಿನಲ್ಲಿಯೇ ನಿಯಮವೆಂದು ಪ್ರಸಿದ್ಧವಾಗಿದೆ. ಆದರೆ ಅವರು ಅದನ್ನು ಮಾರ್ಟಿನ್ ರೈಸರ್ ಎಂಬವರ ಮಾತೆಂದು ಹೇಳಿಯೇ ಎತ್ತಿಕೊಂಡಿದ್ದರು. ಕರ್ತೃತ್ವದ ಪ್ರಶ್ನೆ ಎಲ್ಲೆಡೆಯೂ ಇರುವಂಥದೇ! ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ೮,೦೦೦ ಬೈಟುಗಳಲ್ಲಿ ಪಠ್ಯ ತಿದ್ದುವ ಕಾರ್ಯಕ್ರಮವೊಂದನ್ನು ರಚಿಸಬಹುದಾಗಿತ್ತು, ಈಗ ಅದಕ್ಕೆ ನೂರು ಪಟ್ಟು ಬೇಕಾಗುತ್ತಿದೆ ಎಂಬುದು ವಿರ್ತ್ ಅವರ ಆಕ್ಷೇಪ.

ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಕನ್ನಡ, ಸಂಸ್ಕೃತ, ಪ್ರಾಕೃತ ಪಠ್ಯಗಳನ್ನು ಬರೆಯುವ ನಮಗೆ ಅದನ್ನು ಪೂರ್ಣವಾಗಿ ಒಪ್ಪಿಕೊಳ್ಳುವುದು ಕಷ್ಟ. ವಿಂಡೋಸ್ ೨೦೦೦ದಲ್ಲಿ ಭಾರತೀಯ ಲಿಪಿಗಳ ಪೈಕಿ ದೇವನಾಗರಿಗೂ ತಮಿಳಿಗೂ ಮಾತ್ರ ಯೂನಿಕೋಡ್ ಆಧಾರವಿತ್ತು. ಕನ್ನಡಕ್ಕೆ ಅದು ದೊರೆತದ್ದು ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ, ‘ತುಂಗಾ’ ಅಕ್ಷರವಿನ್ಯಾಸದೊಡನೆ. ಅದಕ್ಕೆ ಮೊದಲು ನಾವು ಬಳಸುತ್ತಿದ್ದ ಅಕ್ಷರವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ಚೂರುಗಳನ್ನಿಟ್ಟು ಕೆಲಸ ಸಾಗಿಸುತ್ತಿದ್ದವು. ತಂತ್ರಾಂಶದ ಪಾಲಿಗೆ ಅದು ಇಂಗ್ಲಿಷೇ. ಒಂದು ಚೂರಿಗೆ ಒಂದು ಬೈಟ್, ಜೋಡಿಸುವ ಯೋಚನೆಯೇ ಇಲ್ಲ. ಯೂನಿಕೋಡಿನಲ್ಲಿ ‘ಸ್ತ್ರೀ’ ಎಂಬ ಒಂದು ಅಕ್ಷರ ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ ಈಕಾರ ಎಂದು ಆರು ಸಂಕೇತಗಳಾಗಿ, ಯುಟಿಎಫ್-೮ ಕ್ರಮದಲ್ಲಿ ೧೮ ಬೈಟುಗಳಾಗಿ ಉಳಿಯುತ್ತದೆ. ತೆರೆಯ ಮೇಲೆ ತೋರಿಸುವಾಗಲೆಲ್ಲ ಅವುಗಳನ್ನು ಕೂಡಿಸಿ, ಸ್ಥಾನ ಬದಲಿಸಿ, ಒತ್ತುಗಳನ್ನು ಕೆಳಗಿಳಿಸಿ ರೂಪಕೊಡುವ ಕೆಲಸವನ್ನು ಪ್ರತ್ಯೇಕವಾದೊಂದು ಕಾರ್ಯಕ್ರಮ ಮಾಡಬೇಕು. ಹಳೆಯ ಕಡತ ಬೇಗ ತೆರೆಯುತ್ತಿತ್ತು, ನಿಜ. ಆದರೆ ಅದರಲ್ಲಿ ಅಕಾರಾದಿಯಾಗಿ ಶಬ್ದಗಳನ್ನು ಜೋಡಿಸಹೊರಟರೆ ಯಂತ್ರ ಇಂಗ್ಲಿಷ್ ಸಂಕೇತಗಳ ಕ್ರಮವನ್ನು ಹಿಡಿಯುತ್ತಿತ್ತು. ಅದೇ ಅಕ್ಷರವಿನ್ಯಾಸವಿಲ್ಲದ ಇನ್ನೊಂದು ಯಂತ್ರದಲ್ಲಿ ಇಡೀ ಗ್ರಂಥವೇ ಅರ್ಥಹೀನ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಆದ್ದರಿಂದ ಹಳೆಯ ವಿನ್ಯಾಸದ ಕಡತವನ್ನು ವರ್ಡ್ ೯೭ರಲ್ಲಿಯೂ ಯೂನಿಕೋಡ್ ಕಡತವನ್ನು ವರ್ಡ್ ೨೦೧೯ರಲ್ಲಿಯೂ ತೆರೆದು ವೇಗವನ್ನು ಹೋಲಿಸುವುದು ಎರಡು ಭಿನ್ನ ಕಾರ್ಯಗಳನ್ನು ಹೋಲಿಸಿದಂತೆಯೇ ಹೊರತು ಎರಡು ಆವೃತ್ತಿಗಳನ್ನು ಹೋಲಿಸಿದಂತಲ್ಲ.

ಕಡತದ ಸ್ವರೂಪವೂ ಬದಲಾಗಿದೆ. ೨೦೦೩ರವರೆಗಿನ ‘ಡಾಕ್’ ಕಡತ ಯಂತ್ರದ ಅಂತರಂಗಕ್ಕೆ ಸಮೀಪವಾದ ದ್ವಿಮಾನ ರೂಪದ್ದು. ೨೦೦೭ರಿಂದ ರೂಢಿಗೆ ಬಂದ ‘ಡಾಕ್‌ಎಕ್ಸ್’ ಎಂಬುದು ಎಕ್ಸ್‌ಎಂಎಲ್ ಪಠ್ಯಗಳನ್ನು ಸಂಕುಚಿತಗೊಳಿಸಿ ಕಟ್ಟಿಟ್ಟ ಗಂಟು. ೨೦೦೮ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಮಾನಕದ ಮನ್ನಣೆಯೂ ದೊರೆಯಿತು. ತೆರೆಯುವಾಗ ಗಂಟು ಬಿಚ್ಚಬೇಕು, ಓದಿ ಅರ್ಥೈಸಬೇಕು. ಉಳಿಸುವಾಗ ಮತ್ತೆ ಕಟ್ಟಬೇಕು. ಹೀಗಾಗಿ ಸಂಸ್ಕಾರಕ, ಅಂದರೆ ಪ್ರೊಸೆಸರ್, ಹೆಚ್ಚು ದುಡಿಯುತ್ತದೆ. ಡಿಸ್ಕಿನ ಮೇಲೆ ಓದಬೇಕಾದ ಭಾಗ ಮಾತ್ರ ಸಾಮಾನ್ಯವಾಗಿ ಕಡಮೆಯಾಗುತ್ತದೆ.

ಹಳೆಯ ವರ್ಡ್‌ನಲ್ಲಿ ‘ಶೀಘ್ರ ಉಳಿಕೆ’ ಎಂಬ ಸೌಲಭ್ಯವಿದ್ದುದು ಅನೇಕರ ನೆನಪಿನಲ್ಲಿರಬಹುದು. ಅದನ್ನು ಆರಿಸಿಕೊಂಡಲ್ಲಿ ತಂತ್ರಾಂಶ ಇಡೀ ಕಡತವನ್ನು ಮತ್ತೆ ಬರೆಯದೆ, ಮಾಡಿದ ತಿದ್ದುಪಡಿಗಳನ್ನು ಮಾತ್ರ ಕೊನೆಯಲ್ಲಿ ಸೇರಿಸುತ್ತಿತ್ತು. ಉಳಿಸುವ ಕೆಲಸ ಕ್ಷಣದಲ್ಲಿ ಮುಗಿಯುತ್ತಿತ್ತು. ಆದರೆ ಅಳಿಸಿದ ವಾಕ್ಯಗಳು, ತಾಳೆಗರಿಯಲ್ಲಿ ಗೀರಿ ಕಾಟುಹೊಡೆದ ಅಕ್ಷರಗಳಂತೆ, ಕಡತದೊಳಗೆ ಹಾಗೆಯೇ ಉಳಿದಿರುತ್ತಿದ್ದವು. ಕಡತ ಊದಿಕೊಳ್ಳುತ್ತಿತ್ತು, ಕೆಲವೊಮ್ಮೆ ಕೆಡುತ್ತಲೂ ಇತ್ತು. ೨೦೦೭ರ ಆವೃತ್ತಿಯಲ್ಲಿ ಈ ಸೌಲಭ್ಯ ಉಳಿಯಲಿಲ್ಲ. ಉಳಿಸುವ ಹೊತ್ತನ್ನು ಮಾತ್ರ ಅಳೆದವರಿಗೆ ಇದು ಹಿನ್ನಡೆಯೆಂದೇ ತೋರಬಹುದು. ಪ್ರಸ್ತುತ ಲೇಖಕನ ದೃಷ್ಟಿಯಲ್ಲಿ ಅದು ಬಹಳ ಮುಂಚೆಯೇ ಆಗಬೇಕಾಗಿದ್ದ ಸುಧಾರಣೆ.

ಇನ್ನು ಯಂತ್ರದ ಕಡೆಗೆ ನೋಡೋಣ. ನವೀಕರಣವೆಂದರೆ ಯಾವ ಅಂಗದ ನವೀಕರಣವೆಂದು ಮೊದಲು ಕೇಳಬೇಕು. ನಿಮಿಷಕ್ಕೆ ೭,೨೦೦ ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಬೇಕಾದ ಅಂಶ ಮುಳ್ಳಿನ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು, ಅಂದರೆ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗಕ್ಕಿಂತ ತುಸು ಹೆಚ್ಚು, ಕಾಯಬೇಕು. ಮುಳ್ಳು ಸರಿದು ನಿಲ್ಲುವ ಹೊತ್ತು ಬೇರೆ. ತಂತ್ರಾಂಶ ಪ್ರಾರಂಭವಾಗುವಾಗ ಇಂಥ ಸಾವಿರಾರು ಸಣ್ಣ ಓದುಗಳು ನಡೆಯುತ್ತವೆ. ತಿರುಗುವ ಭಾಗಗಳೇ ಇಲ್ಲದ ಘನಸ್ಥಿತಿ ಡಿಸ್ಕಿಗೆ ಈ ಕಾಯುವಿಕೆ ಇಲ್ಲ. ಹಳೆಯ ಯಂತ್ರಕ್ಕೆ ಅದೊಂದನ್ನೇ ಅಳವಡಿಸಿದರೂ ಪ್ರಾರಂಭದ ವೇಗದಲ್ಲಿ ಬರಿಗಣ್ಣಿಗೆ ಕಾಣುವಷ್ಟು ವ್ಯತ್ಯಾಸವಾಗುತ್ತದೆ. ಪ್ರೊಸೆಸರ್‌ನ ಕಥೆ ಹಾಗಲ್ಲ. ೨೦೦೪ರಲ್ಲಿಯೇ ೩.೮ ಗಿಗಾಹರ್ಟ್ಸ್ ವೇಗದ ಪೆಂಟಿಯಂ ೪ ಮಾರುಕಟ್ಟೆಗೆ ಬಂದಿತ್ತು. ಅಲ್ಲಿಂದೀಚೆಗೆ ಗಡಿಯಾರದ ವೇಗ ಅಷ್ಟಾಗಿ ಏರಿಲ್ಲ. ಒಂದೊಂದು ಮಿಡಿತದಲ್ಲಿ ಆಗುವ ಕೆಲಸ ಹೆಚ್ಚಿದೆ, ಒಂದರ ಬದಲು ನಾಲ್ಕು, ಎಂಟು ಅಂತಸ್ಸಂಸ್ಕಾರಕಗಳನ್ನು ಇಡಲಾಗುತ್ತಿದೆ. ಎಂಟು ಜನ ಲಿಪಿಕಾರರಿದ್ದರೂ ಒಂದು ಗರಿಯ ಮೇಲೆ ಒಬ್ಬನೇ ಬರೆಯಬಲ್ಲ. ಐವತ್ತನೆಯ ಪುಟ ಎಲ್ಲಿ ಮುಗಿಯಿತೆಂದು ತಿಳಿಯದೆ ಐವತ್ತೊಂದನೆಯದು ಎಲ್ಲಿಂದ ಪ್ರಾರಂಭವೆಂದು ನಿರ್ಧರಿಸಲಾಗದು. ಅಡಿಟಿಪ್ಪಣಿಗಳಿದ್ದರಂತೂ ಪ್ರತಿಯೊಂದು ಟಿಪ್ಪಣಿಯೂ ಪುಟದ ಸಾಲುಗಳನ್ನು ಮತ್ತೆ ಎಣಿಸುವಂತೆ ಮಾಡುತ್ತದೆ. ಹೀಗೆ ಪುಟವಿನ್ಯಾಸವೆಂಬುದು ಸ್ವಭಾವತಃ ಒಂದರ ಹಿಂದೊಂದು ನಡೆಯುವ ಕೆಲಸವಾದ್ದರಿಂದ, ಅಂತಸ್ಸಂಸ್ಕಾರಕಗಳ ಸಂಖ್ಯೆಯನ್ನು ನೋಡಿ ವರ್ಡ್‌ನಿಂದ ಅದೇ ಪ್ರಮಾಣದ ವೇಗವನ್ನು ನಿರೀಕ್ಷಿಸುವುದು ಸಮಂಜಸವಲ್ಲ.

ಎಕ್ಸೆಲ್‌ನ ವಿಷಯ ಭಿನ್ನ. ೨೦೦೭ರ ಆವೃತ್ತಿಯಿಂದ ಅದು ಲೆಕ್ಕಗಳನ್ನು ಹಲವು ಅಂತಸ್ಸಂಸ್ಕಾರಕಗಳಿಗೆ ಹಂಚಬಲ್ಲುದಾಯಿತು. ಅದೇ ಆವೃತ್ತಿಯಲ್ಲಿ ಹಾಳೆಯ ಪಂಕ್ತಿಗಳು ೬೫,೫೩೬ರಿಂದ ೧೦,೪೮,೫೭೬ಕ್ಕೂ ಸ್ತಂಭಗಳು ೨೫೬ರಿಂದ ೧೬,೩೮೪ಕ್ಕೂ ಏರಿದವು. ಹಿಂದೆ ಕೆಲವು ಬಗೆಯ ಸೂತ್ರಗಳಿಗೆ ಇಡೀ ಸ್ತಂಭವನ್ನು ಒಪ್ಪಿಸುವಂತಿರಲಿಲ್ಲ, ಈಗ ಒಪ್ಪಿಸಬಹುದು. ಪರಿಣಾಮವಾಗಿ ಎರಡು ಸಾವಿರ ಹಸ್ತಪ್ರತಿಗಳ ಪಟ್ಟಿಗೆ ಅಲಸತೆಯಿಂದ ಇಡೀ ಸ್ತಂಭದ ಸೂತ್ರ ಬರೆದವರು ಯಂತ್ರವನ್ನು ಹತ್ತು ಲಕ್ಷಕ್ಕೂ ಮಿಕ್ಕ ಮನೆಗಳಲ್ಲಿ ಅಲೆದಾಡಿಸಿ, ಹೊಸ ಆವೃತ್ತಿ ಮಂದವೆಂದು ದೂರುವುದುಂಟು. ಇಲ್ಲಿ ದೋಷ ಸೂತ್ರದ್ದು.

ಈಗ ತುಲನೆಯ ಕ್ರಮ. ಹಳೆಯ ಯಂತ್ರದಲ್ಲಿ ಹಳೆಯ ಆವೃತ್ತಿ, ಹಳೆಯ ಯಂತ್ರದಲ್ಲಿ ಹೊಸ ಆವೃತ್ತಿ, ಹೊಸ ಯಂತ್ರದಲ್ಲಿ ಹಳೆಯ ಆವೃತ್ತಿ, ಹೊಸ ಯಂತ್ರದಲ್ಲಿ ಹೊಸ ಆವೃತ್ತಿ ಎಂಬ ನಾಲ್ಕು ಭಂಗಗಳನ್ನೂ ಪರೀಕ್ಷಿಸಿದಲ್ಲಿ ಮಾತ್ರ ಯಾವ ಅಂಶದಿಂದ ಎಷ್ಟು ಲಾಭ, ಎಷ್ಟು ನಷ್ಟ ಎಂಬುದು ಸ್ಪಷ್ಟವಾಗುತ್ತದೆ. ವ್ಯವಹಾರದಲ್ಲಿ ನಾಲ್ಕೂ ದೊರೆಯುವುದು ದುರ್ಲಭ. ವಿಂಡೋಸ್ ಎಕ್ಸ್‌ಪಿಯ ಮೇಲೆ ನಡೆಯುವ ಕೊನೆಯ ಆವೃತ್ತಿ ಆಫೀಸ್ ೨೦೧೦. ೨೦೧೩ರ ಆವೃತ್ತಿಗೆ ವಿಂಡೋಸ್ ೭ ಆದರೂ ಬೇಕು, ೨೦೧೯ರದಕ್ಕೆ ವಿಂಡೋಸ್ ೧೦. ಅಂದರೆ ಕಾರ್ಯನಿರ್ವಹಣಾ ವ್ಯವಸ್ಥೆಯೆಂಬ ಮೂರನೆಯ ಅಂಶವೊಂದು ನಡುವೆ ನುಸುಳಿರುತ್ತದೆ. ದೊರೆಯದ ಭಂಗವನ್ನು ಊಹೆಯಿಂದ ತುಂಬದೆ, ಹಸ್ತಪ್ರತಿಯ ತ್ರುಟಿತಭಾಗವನ್ನು ತೋರಿಸುವಂತೆ ಖಾಲಿಯಾಗಿಯೇ ಬಿಡುವುದು ಲೇಸು.

ಏನನ್ನು ಅಳೆಯಬೇಕೆಂಬುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ವರ್ಡ್ ದೊಡ್ಡ ಕಡತದ ಮೊದಲ ಪುಟವನ್ನು ಬೇಗನೆ ತೋರಿಸಿಬಿಡುತ್ತದೆ. ಉಳಿದ ಪುಟಗಳ ವಿನ್ಯಾಸ ಹಿನ್ನೆಲೆಯಲ್ಲಿ ಸಾಗುತ್ತಲೇ ಇರುತ್ತದೆ. ಮೊದಲ ಪುಟ ಕಂಡೊಡನೆ ಗಡಿಯಾರವನ್ನು ನಿಲ್ಲಿಸಿದವರು ಅಳೆದದ್ದು ತೋರಿಕೆಯನ್ನು. ಕಡತದ ಕೊನೆಗೆ ಹೋಗಿ, ಕೆಳಗಿನ ಪಟ್ಟಿಯಲ್ಲಿ ಒಟ್ಟು ಪುಟಸಂಖ್ಯೆ ಏರುವುದು ನಿಂತ ಮೇಲೆ ಗಡಿಯಾರವನ್ನು ನೋಡಬೇಕು. ನಮ್ಮ ಅನುಭವದಲ್ಲಿ ವಿವಾದಗಳಲ್ಲಿ ಬಹುಪಾಲು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ. ಇದಕ್ಕೆ ವಿಪರೀತವಾದ ಭ್ರಮೆಯೂ ಉಂಟು. ಆಫೀಸ್ ೨೦೧೩ರಲ್ಲಿ ಬೆರಳಚ್ಚಿಸುವಾಗ ಅಕ್ಷರಗಳು ಮೃದುವಾಗಿ ಜಾರಿ ಬರುವಂತೆ ಚಲನೆಯೊಂದನ್ನು ಸೇರಿಸಲಾಯಿತು. ಯಂತ್ರ ಹಿಂದುಳಿಯದಿದ್ದರೂ ಬರೆಯುವವರ ಕಣ್ಣಿಗೆ ಅದು ಹಿಂದುಳಿದಂತೆ ತೋರಿತು.

ಮೊದಲ ಸಲ ತೆರೆಯುವುದಕ್ಕೂ ಎರಡನೆಯ ಸಲ ತೆರೆಯುವುದಕ್ಕೂ ಬಹಳ ಅಂತರವಿರುತ್ತದೆ. ಒಮ್ಮೆ ಓದಿದ ಅಂಶಗಳು ಸ್ಮೃತಿಯಲ್ಲಿ ಉಳಿದಿರುತ್ತವೆ. ಆದ್ದರಿಂದ ಯಂತ್ರವನ್ನು ಪುನಃ ಪ್ರಾರಂಭಿಸಿ ತೆಗೆದ ಅಳತೆಗಳನ್ನೂ ಅನಂತರದ ಅಳತೆಗಳನ್ನೂ ಬೇರೆ ಬೇರೆಯಾಗಿ ಬರೆದಿಡಬೇಕು. ವೈರಸ್ ನಿರೋಧಕ ಕಾರ್ಯಕ್ರಮ ಎರಡು ಯಂತ್ರಗಳಲ್ಲಿಯೂ ಒಂದೇ ಆಗಿದೆಯೇ ಎಂದು ನೋಡಬೇಕು. ತಂತ್ರಾಂಶಕ್ಕೆ ಅಂಟಿಕೊಂಡು ಬರುವ ಉಪಕಾರ್ಯಕ್ರಮಗಳನ್ನು ತೆಗೆದು ಒಮ್ಮೆ, ಇಟ್ಟು ಒಮ್ಮೆ ಪರೀಕ್ಷಿಸಬೇಕು. ಅಂತರಜಾಲದಿಂದ ಇಳಿಸಿಕೊಂಡ ಕಡತವನ್ನು ೨೦೧೦ ಮತ್ತು ಅನಂತರದ ಆವೃತ್ತಿಗಳು ಮೊದಲು ರಕ್ಷಿತ ನೋಟದಲ್ಲಿ ತೆರೆಯುವುದರಿಂದ ಅಂಥ ಕಡತ ಪರೀಕ್ಷೆಗೆ ಯೋಗ್ಯವಲ್ಲ. ಮುದ್ರಣಯಂತ್ರವನ್ನು ಯಾರೂ ಗಮನಿಸುವುದಿಲ್ಲ. ವರ್ಡ್ ಕಡತವನ್ನು ತೆರೆಯುವಾಗ ನಿಯತ ಮುದ್ರಣಯಂತ್ರವನ್ನು ವಿಚಾರಿಸಿಕೊಳ್ಳುತ್ತದೆ. ಅದು ಜಾಲದ ಇನ್ನೊಂದು ಕೊನೆಯಲ್ಲಿದ್ದು ಆರಿಸಲ್ಪಟ್ಟಿದ್ದರೆ, ಉತ್ತರಕ್ಕಾಗಿ ಕಾಯುವ ಹೊತ್ತೆಲ್ಲ ತಂತ್ರಾಂಶದ ಖಾತೆಗೆ ಸೇರಿಹೋಗುತ್ತದೆ.

ಕೈಗಡಿಯಾರದ ಬದಲು ತಂತ್ರಾಂಶದಲ್ಲಿಯೇ ಸಣ್ಣ ಮ್ಯಾಕ್ರೋ ಬರೆದು ಅಳೆಯುವವರು ಅದರ ‘ಟೈಮರ್’ ನಡುರಾತ್ರಿಯಿಂದ ಕಳೆದ ಸೆಕೆಂಡುಗಳನ್ನು ಎಣಿಸುತ್ತದೆ, ಹನ್ನೆರಡು ಹೊಡೆದೊಡನೆ ಶೂನ್ಯಕ್ಕೆ ಮರಳುತ್ತದೆ ಎಂಬುದನ್ನು ಮರೆಯಬಾರದು. ಪ್ರತಿಯೊಂದು ಪರೀಕ್ಷೆಯನ್ನೂ ಐದೋ ಏಳೋ ಸಲ ನಡೆಸಿ, ನಡುವಿನ ಅಂಕಿಯನ್ನು ಸ್ವೀಕರಿಸಿ, ಉಳಿದ ಎಲ್ಲ ಅಂಕಿಗಳನ್ನೂ ಜೊತೆಯಲ್ಲಿಯೇ ಕೊಡಬೇಕು. ತಮಗೆ ಒಪ್ಪಿಗೆಯಾದ ಒಂದನ್ನು ಮಾತ್ರ ಕೊಟ್ಟು ಮಿಕ್ಕವನ್ನು ಅಡಗಿಸುವುದು ಪಾಠಾಂತರಗಳನ್ನು ಕೊಡದ ಸಂಪಾದನೆಯಂತೆ.

ಯಾವ ಕಡತವನ್ನು ಆರಿಸಬೇಕೆಂಬುದಕ್ಕೆ ಉತ್ತರ ಸರಳ: ನಮ್ಮ ದಿನನಿತ್ಯದ ಕೆಲಸದ್ದನ್ನೇ. ವಾಣಿಜ್ಯ ಪ್ರಪಂಚದಲ್ಲಿ ‘ಸಿಸ್‌ಮಾರ್ಕ್’ ಎಂಬ ಸಿದ್ಧ ಪರೀಕ್ಷೆ ಪ್ರಚಾರದಲ್ಲಿದೆ. ಅದನ್ನು ರೂಪಿಸುವ ಬ್ಯಾಪ್ಕೋ ಎಂಬ ಉದ್ಯಮಸಂಘದಿಂದ ೨೦೧೧ರಲ್ಲಿ ಎಎಂಡಿ, ಎನ್‌ವಿಡಿಯಾ ಮತ್ತು ವಯಾ ಸಂಸ್ಥೆಗಳು ಹೊರಬಂದವು. ಆಯ್ದ ಕೆಲಸಗಳು ಜನರ ನಿಜವಾದ ಬಳಕೆಯನ್ನು ಪ್ರತಿನಿಧಿಸುವುದಿಲ್ಲವೆಂಬುದು ಎಎಂಡಿಯ ಆಕ್ಷೇಪವಾಗಿತ್ತು. ಅವರ ವ್ಯಾಜ್ಯ ನಮಗೆ ಬೇಕಾಗಿಲ್ಲ. ಅಡಿಟಿಪ್ಪಣಿಗಳಿಂದ ತುಂಬಿದ, ಕನ್ನಡ ದೇವನಾಗರಿಗಳೆರಡನ್ನೂ ಒಳಗೊಂಡ ನಾನೂರು ಪುಟದ ಕಡತ ಅಂಥ ಯಾವ ಸಿದ್ಧ ಪರೀಕ್ಷೆಯಲ್ಲಿಯೂ ಇರಲಾರದೆಂಬುದಷ್ಟೇ ಸಾಕು.

ವೇಗಕ್ಕಿಂತ ಗುರುತರವಾದ ವಿಷಯವೊಂದು ಉಳಿದಿದೆ. ವರ್ಡ್ ೨೦೧೩ರಲ್ಲಿ ಪುಟವಿನ್ಯಾಸದ ಕ್ರಮವನ್ನೇ ಮಾರ್ಪಡಿಸಲಾಯಿತು. ಹಳೆಯ ಕಡತವನ್ನು ಅದು ‘ಹೊಂದಾಣಿಕೆ’ಯ ಸ್ಥಿತಿಯಲ್ಲಿ, ಅಂದರೆ ಹಿಂದಿನ ಕ್ರಮವನ್ನು ಅನುಸರಿಸಿ, ತೆರೆಯುತ್ತದೆ, ಪರಿವರ್ತಿಸೆಂದು ನಾವೇ ಆಜ್ಞಾಪಿಸಿದರೆ ಹೊಸ ಕ್ರಮಕ್ಕೆ ತಿರುಗಿ ಸಾಲುಗಳು ಸರಿಯುವ ಸಂಭವವಿದೆ. ನನಗೆ ಸಂಬಂಧಿಸಿದ ಒಂದು ಗ್ರಂಥದಲ್ಲಿ ಶಬ್ದಸೂಚಿಯ ಪುಟಸಂಖ್ಯೆಗಳನ್ನು ಕೈಯಿಂದಲೇ ಬರೆದು ಸೇರಿಸಿ ಮುಗಿಸಿದ್ದೆವು. ಯಂತ್ರ ಬದಲಾಯಿತು, ಆವೃತ್ತಿ ಬದಲಾಯಿತು, ಹೊಸದರಲ್ಲಿ ಚುರುಕಾಗುವುದೆಂಬ ಆಸೆಯಿಂದ ಕಡತವನ್ನು ಪರಿವರ್ತಿಸಿಯೂ ಆಯಿತು. ಕಡತ ಚುರುಕಾಗಿಯೇ ತೆರೆಯಿತು. ಮೊದಲ ಅಧ್ಯಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂರನೆಯದರಲ್ಲಿ ಒಂದು ಟಿಪ್ಪಣಿ ಮುಂದಿನ ಪುಟಕ್ಕೆ ಜಾರಿತ್ತು. ಅಲ್ಲಿಂದ ಮುಂದೆ ಸೂಚಿಯ ಸಂಖ್ಯೆಗಳಲ್ಲಿ ನಂಬುವಂಥದು ಯಾವುದೂ ಉಳಿದಿರಲಿಲ್ಲ. ತೆರೆಯುವಾಗ ಉಳಿದ ಕೆಲವು ಸೆಕೆಂಡುಗಳಿಗೆ ಪ್ರತಿಯಾಗಿ ಇಡೀ ಸೂಚಿಯನ್ನು ಮತ್ತೆ ಕುಳಿತು ತಾಳೆನೋಡಬೇಕಾಯಿತು. ತಪ್ಪು ತಂತ್ರಾಂಶದ್ದಲ್ಲ, ಪರಿವರ್ತನೆಗೆ ಮೊದಲು ಮೂಲವನ್ನು ಪಿಡಿಎಫ್ ರೂಪದಲ್ಲಿ ತೆಗೆದಿಟ್ಟು ಪುಟಕ್ಕೆ ಪುಟ ಹೋಲಿಸಬೇಕಾಗಿತ್ತು. ಹೊಸ ಆವೃತ್ತಿಯ ಪರೀಕ್ಷೆಯಲ್ಲಿ ಒಟ್ಟು ಪುಟಸಂಖ್ಯೆಯನ್ನೂ ಪ್ರತಿಯೊಂದು ಅಧ್ಯಾಯದ ಕೊನೆಯ ಸಾಲನ್ನೂ ಕಾಲದ ಅಳತೆಯ ಪಕ್ಕದಲ್ಲಿಯೇ ದಾಖಲಿಸಬೇಕೆಂದು ಒತ್ತಿಹೇಳುವುದಕ್ಕೆ ಕಾರಣ ಇದೇ.

ಹಾಗಾದರೆ ಹಳೆಯ ಆವೃತ್ತಿಯಲ್ಲಿಯೇ ಉಳಿಯಬಾರದೇಕೆ ಎಂದು ಕೇಳಬಹುದು. ಆಫೀಸ್ ೨೦೦೩ಕ್ಕೆ ತಯಾರಕರ ಬೆಂಬಲ ೨೦೧೪ರ ಏಪ್ರಿಲಿನಲ್ಲಿಯೂ, ೨೦೧೦ಕ್ಕೆ ೨೦೨೦ರ ಅಕ್ಟೋಬರಿನಲ್ಲಿಯೂ, ೨೦೧೬ ಮತ್ತು ೨೦೧೯ಕ್ಕೆ ೨೦೨೫ರ ಅಕ್ಟೋಬರಿನಲ್ಲಿಯೂ ಕೊನೆಗೊಂಡಿತು. ಬೆಂಬಲ ತಪ್ಪಿದ ಆವೃತ್ತಿಗೆ ಭದ್ರತೆಯ ತಿದ್ದುಪಡಿಗಳು ಬರುವುದಿಲ್ಲವಾದ್ದರಿಂದ ಅಂತರಜಾಲಕ್ಕೆ ಸೇರಿದ ಯಂತ್ರದಲ್ಲಿ ಅದನ್ನು ಮುಂದುವರಿಸುವುದು ಅಪಾಯಕರ. ಆದರೆ ಅಚ್ಚಿಗೆ ಹೋಗುವ ಹಂತದಲ್ಲಿರುವ ಗ್ರಂಥವಿದ್ದಲ್ಲಿ, ಜಾಲದಿಂದ ಬೇರ್ಪಡಿಸಿದ ಹಳೆಯ ಯಂತ್ರವೊಂದನ್ನು ಅದೇ ಆವೃತ್ತಿ, ಅದೇ ಅಕ್ಷರವಿನ್ಯಾಸ, ಅದೇ ಮುದ್ರಣಯಂತ್ರದೊಡನೆ ಗ್ರಂಥ ಮುಗಿಯುವವರೆಗೆ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ. ಹಳೆಯ ಯಂತ್ರವನ್ನು ಹೊಸದು ಬಂದ ದಿನವೇ ಮಾರಿಬಿಡುವ ಪದ್ಧತಿ ಅನೇಕ ಕಡೆಗಳಲ್ಲಿದೆ. ಹಾಗೆ ಮಾಡಿದಲ್ಲಿ ಮೇಲೆ ಹೇಳಿದ ನಾಲ್ಕು ಭಂಗಗಳಲ್ಲಿ ಎರಡು ಶಾಶ್ವತವಾಗಿ ನಷ್ಟವಾಗುತ್ತವೆ.

೬೪ ಬಿಟ್‌ನ ಆವೃತ್ತಿಯ ಬಗ್ಗೆ ಒಂದು ಮಾತು. ಆಫೀಸಿನಲ್ಲಿ ಇದು ೨೦೧೦ರಲ್ಲಿ ಮೊದಲು ಬಂದಿತು, ೨೦೧೯ರಿಂದ ತಾನಾಗಿಯೇ ಸ್ಥಾಪಿತವಾಗುತ್ತದೆ. ಅತಿದೊಡ್ಡ ಎಕ್ಸೆಲ್ ಕಡತಗಳಿಗೆ ಹೆಚ್ಚು ಸ್ಮೃತಿಯನ್ನು ಬಳಸಲು ಇದರಿಂದ ಅವಕಾಶವಾಗುತ್ತದೆಯೇ ಹೊರತು ಸಾಮಾನ್ಯ ಬರವಣಿಗೆಗೆ ವಿಶೇಷ ವೇಗವೇನೂ ಬರುವುದಿಲ್ಲ. ೩೨ ಬಿಟ್‌ಗಾಗಿ ರಚಿತವಾದ ಹಳೆಯ ಉಪಕಾರ್ಯಕ್ರಮಗಳು ಇದರಲ್ಲಿ ನಡೆಯವು. ಹಳೆಯ ಅಕ್ಷರವಿನ್ಯಾಸದಿಂದ ಯೂನಿಕೋಡಿಗೆ ಪರಿವರ್ತಿಸಲು ಅಂಥ ಉಪಕಾರ್ಯಕ್ರಮವನ್ನೇ ನಂಬಿಕೊಂಡಿರುವವರು ಸ್ಥಾಪನೆಗೆ ಮೊದಲೇ ಅದನ್ನು ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ೩೨ ಮತ್ತು ೬೪ ಬಿಟ್‌ನ ಆವೃತ್ತಿಗಳ ನಡುವೆ ಬದಲಾಯಿಸಲು ಒಂದನ್ನು ತೆಗೆದುಹಾಕಿಯೇ ಇನ್ನೊಂದನ್ನು ಸ್ಥಾಪಿಸಬೇಕಾಗುತ್ತದೆ.